ಮೇಣದಬತ್ತಿಯಂಥ ಸಾಸಿವೆ

ಈ ಊರಿನಲ್ಲಿ ಸಾಸಿವೆ ಗಿಡವನ್ನು ಬೇರು ಸಮೇತ ಕಿತ್ತರೆ ಬೆನ್ನು ತಟ್ಟುತ್ತಾರೆ. ಮೊದಲ ಸಲ ಕೇಳಿದಾಗ ತಮಾಷೆ ಅಂದುಕೊಂಡೆ. ನಮ್ಮಲ್ಲಿ ಸಾಸಿವೆ ಸಿಡಿಯದೆ ಅಡುಗೆ ಮುಗಿಯುವುದಿಲ್ಲ. ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ತಂದ ಪೊಟ್ಟಣ ನನ್ನ ಕಪಾಟಿನಲ್ಲಿ ಸದಾ ಇರುತ್ತದೆ. ಆದರೆ ಲಾಸ್ ಏಂಜಲೀಸಿನ ಉತ್ತರಕ್ಕಿರುವ ಮರುಭೂಮಿಯಲ್ಲಿ, ಸಾಗರದಾಚೆಯಿಂದ ಬಂದ ಸಾಸಿವೆಯ ಜಾತಿಯೊಂದು ಹಬ್ಬಿ ಅಲ್ಲಿಯ ಹೂಗಿಡಗಳ ನೀರು ಕುಡಿಯುತ್ತಿದೆಯಂತೆ. ಅದನ್ನು ಕಿತ್ತು ಕಪ್ಪು ಚೀಲಕ್ಕೆ ತುಂಬಲು ಶನಿವಾರ ಜನ ಸೇರುತ್ತಾರೆ.

ನನ್ನನ್ನೂ ಮಗಳನ್ನೂ ಅಲ್ಲಿಗೆ ಕರೆದೊಯ್ದವರು ಶೈಲಾ. ಬೆಂಗಳೂರಿನವರು, ಕಲ್ವರ್ ಸಿಟಿಯಲ್ಲಿ ಕೆಲಸ. ಕೋವಿಡ್ ಕಾಲದಲ್ಲಿ ಮನೆಯೊಳಗೆ ಕೂತು ಬೇಸತ್ತು ಹೂವಿನ ಹುಚ್ಚು ಹಿಡಿಸಿಕೊಂಡರು. ನಾವು ಸ್ಯಾನ್ ಡಿಯಾಗೊದಿಂದ ಇಲ್ಲಿಗೆ ಮನೆ ಬದಲಿಸಿದಾಗ ನನಗೆ ಸಿಕ್ಕ ಮೊದಲ ಗೆಳತಿ ಅವರೇ. ಈ ದೇಶದಲ್ಲೇ ಹುಟ್ಟಿದ ನನ್ನ ಮಗಳು ಇಂಚರ ಯಾವ ಹೂ ಕಂಡರೂ “ಶೈಲಾ ಆಂಟಿ, ವಾಟ್ಸ್ ದಿಸ್?” ಎಂದು ಓಡುತ್ತಾಳೆ. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಎಂ.ಎಸ್ಸಿ. ಮಾಡಿದವಳು. ನನ್ನನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಒಮ್ಮೆಯೂ? ಗೊತ್ತಿಲ್ಲ. ಹೊಟ್ಟೆಕಿಚ್ಚಿನವರಿಗೆ ತಮಗೆ ಬೇಕಾದ್ದಷ್ಟೇ ನೆನಪಿರುತ್ತದೆ.

ಆ ಶನಿವಾರ ಮರುಭೂಮಿಯ ಬೇಲಿಯ ಹತ್ತಿರ ವಿಚಿತ್ರವಾದ ಗಿಡವೊಂದು ನಿಂತಿತ್ತು. ಹಳದಿ ದಂಟು ಗಾಳಿ ಊದಿದಂತೆ ಉಬ್ಬಿದೆ. ತುದಿಯಲ್ಲಿ ಕಡುನೇರಳೆ ಹೂಗಳು. ಶೈಲಾ ದೂರದಲ್ಲಿದ್ದರು, ಫೋನಿಗೆ ಸಿಗ್ನಲ್ ಇರಲಿಲ್ಲ. ಇಂಚರ ಬೇರೆ ದಾರಿ ಕಾಣದೆ ನನ್ನ ಕಡೆ ತಿರುಗಿದಳು.

“ಅಮ್ಮಾ, ವಾಟ್ ಈಸ್ ಇಟ್?”

ಈ ಪ್ರಶ್ನೆಗಾಗಿಯೇ ಕಾದಿದ್ದೆ. ಮಂಡಿಯೂರಿ ನೋಡಿದೆ. ನೇರಳೆ ಬಣ್ಣ ಎಸಳಿನದಲ್ಲ, ಹೂವನ್ನು ಹೊರಗಿನಿಂದ ಅಪ್ಪಿಕೊಂಡ ಪುಷ್ಪಪತ್ರಗಳದು. ಅವು ನಾಲ್ಕು. ಒಳಗೆ ಸಣ್ಣ ಬಿಳಿ ಎಸಳೂ ನಾಲ್ಕು. ಕೇಸರ ಆರು, ಅದರಲ್ಲಿ ಎರಡು ಗಿಡ್ಡ. ಓದಿದ್ದ ಒಂದು ಕುಲದ ಲಕ್ಷಣಗಳೇ, ಆದರೂ ಅನುಮಾನ. ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಸೊಪ್ಪು ತಿಂದು ಬೆಳೆದವರು ಎಲೆಯ ಗುರುತನ್ನು ಬಾಯಿಯಿಂದಲೇ ಹಿಡಿಯುತ್ತೇವೆ. ಯಾರದೋ ಬೂಟಿಗೆ ಸಿಕ್ಕು ಹರಿದುಬಿದ್ದಿದ್ದ ಅದರ ಎಲೆಯ ಚೂರನ್ನು ಒರೆಸಿ ಅಗಿದೆ. ಮೂಗಿಗೆ ಘಾಟು ಏರಿತು.

“ಸಾಸಿವಿ! ಇದು ಸಾಸಿವಿ ಕುಲದ್ದು, ನೋಡು!”

ಇಂಚರ ಕೂಡಲೇ ದಂಟಿಗೆ ಕೈಹಾಕಿದಳು. “ಸೋ ವೀ ಪುಲ್ ಇಟ್, ರೈಟ್?”

ಬೆಳಗಿನಿಂದ ಕಿತ್ತದ್ದು ಸಾಸಿವೆಯನ್ನೇ. ಈ ಗಿಡದ ಕುಲ ನನಗೆ ಗೊತ್ತು, ಊರು ಗೊತ್ತಿಲ್ಲ.

“ಬಿಡೇ, ಬಿಡೇ!” ಶೈಲಾ ಓಡಿಬಂದರು. “ಅದು ಇಲ್ಲೀದೇ ಕಣೇ, ಡೆಸರ್ಟ್ ಕ್ಯಾಂಡಲ್. ಮೇಣದಬತ್ತಿ ಥರ ಇಲ್ವಾ?” ಆಮೇಲೆ, ಇನ್ನೂ ಅಗಿಯುತ್ತಿದ್ದ ನನ್ನ ಕಡೆ ತಿರುಗಿ, “ಇದೂ ಸಾಸಿವೆನಾ? ನಂಗೊತ್ತೇ ಇರ್ಲಿಲ್ಲ ಕಣ್ರೀ. ಎಲೆ ತಿಂದ್ರಾ? ಇಲ್ಲಿನೋರು ನೋಡಿದ್ರೆ ನಿಮ್ಮನ್ನೇ ಚೀಲಕ್ಕೆ ತುಂಬ್ತಾರೆ!”

“ತುಂಬ್ಲಿ ಬಿಡ್ರಿ. ನಾನೂ ಹೊರಗಿನಾಕಿನ ಅಲ್ಲೇನು?”

ಇಬ್ಬರೂ ನಕ್ಕೆವು. ಅವರ ನಗೆಯಲ್ಲಿ ಗೆಲುವು ಇಣುಕಿದಂತೆ ನನಗೆ ನೆನಪು. ಅದನ್ನು ಅಲ್ಲಿಟ್ಟವಳು ನಾನೇ ಇರಬಹುದು. ಗುರುತು ಹಿಡಿದವಳು ನಾನು, ಉಳಿಸಿದವರು ಅವರು. ಮಗಳು ಈಗ ಯಾರನ್ನು ನೋಡುತ್ತಾಳೆ ಎಂದು ಕಳ್ಳಗಣ್ಣಿನಿಂದ ನೋಡಿದೆ.

ಅವಳು ನಮ್ಮಿಬ್ಬರನ್ನೂ ನೋಡುತ್ತಿರಲಿಲ್ಲ. ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಉಬ್ಬಿದ ದಂಟನ್ನು ಬೆರಳಿನಿಂದ ಮೆಲ್ಲಗೆ ಮುಟ್ಟುತ್ತಿದ್ದಳು.

“ಸೋ ಇಟ್ಸ್ ಮಸ್ಟರ್ಡ್, ಬಟ್ ಇಟ್ಸ್ ಫ್ರಮ್ ಹಿಯರ್,” ಎಂದಳು. ಆಮೇಲೆ, ಅಪರೂಪಕ್ಕೆ, ಕನ್ನಡದಲ್ಲಿ: “ನನ್ ಥರ.”

ಶೈಲಾ ಮೇಲಿದ್ದ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ. ಎಷ್ಟು ಸಲೀಸಾಗಿ ಅಂದುಬಿಟ್ಟಳು! ಧಾರವಾಡಕ್ಕೆ ಹೋದರೆ ನನ್ನನ್ನು ಅಮೆರಿಕದಾಕಿ ಅನ್ನುತ್ತಾರೆ. ಇಲ್ಲಿ ಬಾಯಿ ತೆರೆದರೆ ಎಲ್ಲಿಯವಳೆಂದು ಕೇಳುತ್ತಾರೆ. ಆ ಎರಡು ಪದದ ಮಾತನ್ನು ಎರಡೂ ಊರಲ್ಲಿ ನಾನು ಹೇಳಲಾರೆ. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡಬಹುದೇ ಎಂದು ಯಾರನ್ನು ಕೇಳಲಿ?

ಚೀಲ ಎತ್ತಿಕೊಂಡು ಹೊರಗಿನ ಸಾಸಿವೆಯನ್ನು ಮತ್ತೆ ಕೀಳತೊಡಗಿದೆ. ಪ್ರತಿ ಬೇರು ಮೇಲೆ ಬಂದಾಗಲೂ ಅದೇ ಘಾಟು.