ಪುಟ್ಟತಾಯಮ್ಮನಿಗೆ ನಾನು ಹೇಳದೆ ಬಿಟ್ಟದ್ದು

ಕೋವಿಡ್ ತಣ್ಣಗಾದ ಮರುವರ್ಷ. ಪಿರಿಯಾಪಟ್ಟಣದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ನನಗೆ ಆಗಲೇ ಹದಿನೆಂಟು ವರ್ಷ ತುಂಬಿತ್ತು. ಮಂಡಿನೋವು, ಪಾರ್ಶ್ವವಾಯು, ಬೈಕಿನಿಂದ ಬಿದ್ದವರ ಕೈಕಾಲು, ಇವೇ ದಿನದ ಕೆಲಸ. ಫೆಬ್ರವರಿಯ ಒಂದು ಸೋಮವಾರ ಹಾರನಹಳ್ಳಿ ಕಡೆಯಿಂದ ಪುಟ್ಟತಾಯಮ್ಮ ಬಂದರು. ವಯಸ್ಸು ಐವತ್ತೆರಡು. ಮೈಸೂರಿನಲ್ಲಿ ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ಇಪ್ಪತ್ತೊಂದು ದಿನಕ್ಕೊಂದರಂತೆ ಆರು ಕೀಮೋಥೆರಪಿಯಲ್ಲಿ ಎರಡು ಮುಗಿದಿದ್ದವು. ಎಡಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ.

ಪರೀಕ್ಷಿಸಲು ಮಣಿಕಟ್ಟು ಹಿಡಿದೆ. ಸುಮ್ಮನೆ ಕುಳಿತಿದ್ದರೂ ನಾಡಿ ನೂರಹದಿನೆಂಟು. ಜ್ವರವಿರಲಿಲ್ಲ, ಭಯವಿತ್ತು.

"ಮೈಸೂರು ಬಸ್ಸು ಕಂಡ್ರೆ ಉಸ್ರು ಕಟ್ದಂಗಾಯ್ತದೆ ಕಣವ್ವ," ಎಂದರು.

ಗಂಡ ಸ್ವಾಮಿಗೌಡರು ಹೆಂಡತಿಗೆ ನೀರಿನ ಲೋಟ ಎತ್ತಲೂ ಬಿಡುತ್ತಿರಲಿಲ್ಲ. ದಿನವಿಡೀ ಮಲಗಿದ್ದ ಆಕೆಗೆ ಸಾವಿನದೇ ಯೋಚನೆ.

ಮೈಸೂರಿನ ವೈದ್ಯರಿಗೆ ಫೋನ್ ಮಾಡಿ ವ್ಯಾಯಾಮಕ್ಕೆ ಒಪ್ಪಿಗೆ ಪಡೆದು, ಮೂರನ್ನು ಹೇಳಿಕೊಟ್ಟೆ: ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಹತ್ತಿಸುವುದು, ನಿಧಾನವಾಗಿ ಉಸಿರಾಡುವುದು, ದಿನಕ್ಕೆರಡು ಸಲ ಹತ್ತು ನಿಮಿಷ ನಡೆಯುವುದು. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ. ಹಗುರ ವ್ಯಾಯಾಮದಿಂದ ಆಯಾಸವೂ ಆತಂಕವೂ ತಗ್ಗುತ್ತವೆ ಎಂದು ನನಗೆ ಗೊತ್ತಿತ್ತು. ಅದನ್ನು ಬಿಡಿಸಿ ಹೇಳಲಿಲ್ಲ. ಹೊರಗೆ ಹನ್ನೆರಡು ಜನ ಕಾಯುತ್ತಿದ್ದರು. "ತಪ್ಪದೆ ನಡೀರಿ ಅಮ್ಮ, ಎಲ್ಲ ಸರಿಹೋಗುತ್ತೆ," ಎಂದು ಬೆನ್ನು ತಟ್ಟಿ ಕಳಿಸಿದೆ.

ಕೂದಲುದುರಿದ ತಲೆಯಲ್ಲಿ ಬೀದಿಗಿಳಿಯಲು ಆಕೆ ಒಪ್ಪಲಿಲ್ಲ. ಹೊಗೆಸೊಪ್ಪು ಬೇಯಿಸುವ ಕಾಲ ಮುಗಿದು, ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ ಪಕ್ಕದ ಶೆಡ್ ಖಾಲಿಯಿತ್ತು. ಗೌಡರು ಅದನ್ನು ಗುಡಿಸಿ, ತಾವೂ ಜೊತೆಯಲ್ಲಿ ಸುತ್ತತೊಡಗಿದರು. ಐದು ವಾರದಲ್ಲಿ ಕೈ ಕಿವಿಯನ್ನು ದಾಟಿತು. ನಾಲ್ಕನೆಯ ಕೀಮೋಗೆ ಪುಟ್ಟತಾಯಮ್ಮ ನಡುಗದೆ ಬಸ್ಸು ಹತ್ತಿದರು. ನನಗೆ ಹೆಮ್ಮೆಯೆನಿಸಿತು.

ಆರೂ ಮುಗಿದ ಮೇಲೆ ಸ್ಕ್ಯಾನ್ ಮಾಡಿಸಿದರು. ರೋಗ ಶ್ವಾಸಕೋಶಕ್ಕೂ ಯಕೃತ್ತಿಗೂ ಹರಡಿತ್ತು. ಮರುದಿನವೇ ಇಬ್ಬರೂ ನನ್ನ ಕೋಣೆಗೆ ಬಂದರು. ಆಕೆ ಕುರ್ಚಿಯ ತುದಿಯಲ್ಲಿ ಕುಳಿತು ಕೇಳಿದರು:

"ಐದ್ನೇ ಕೀಮೋ ಆದ್ಮೇಲೆ ಮೂರು ದಿವ್ಸ ನಡೀನಿಲ್ಲ ಕಣವ್ವ. ವಾಂತಿ, ಏಳಕ್ಕೇ ಆಗ್ನಿಲ್ಲ. ಅದ್ಕೇ ಇಂಗಾಯ್ತಾ?"

ಗೌಡರು ನೆಲ ನೋಡುತ್ತಾ, "ನಾನೇ ಮಲಕ್ಕೋ ಅಂದೆ, ಮೇಡಮ್," ಎಂದರು.

ನನ್ನ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ. ಹೇಳಿದೆ: "ಇಲ್ಲಮ್ಮ. ನಡೆದ್ರೆ ಗಡ್ಡೆ ಕರಗಲ್ಲ, ನಡೀದಿದ್ರೆ ಹರಡೋದೂ ಇಲ್ಲ. ನಿಮ್ಮ ಭಯ ತಗ್ಗಲಿ, ಮೈಯಲ್ಲಿ ಶಕ್ತಿ ಉಳೀಲಿ ಅಂತ ನಡೀರಿ ಅಂದಿದ್ದೆ. ಸರಿಯಾಗಿ ಹೇಳದೆ ಇದ್ದದ್ದು ನನ್ನ ತಪ್ಪು. ಗೌಡ್ರೆ, ನಿಮ್ಮದೂ ಏನೂ ತಪ್ಪಿಲ್ಲ."

"ಅದ್ನ ಅವತ್ತೇ ಯೋಳ್ಬೌದಾಗಿತ್ತಲ್ಲವ್ವ," ಎಂದರು ಪುಟ್ಟತಾಯಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಏಳುವಾಗ ಕೇಳಿದರು, "ಇನ್ಮೇಲೂ ನಡೀಬೌದಾ? ನಡೀವಾಗ ಎದೆ ಡವಡವ ಅನ್ನದು ಕಮ್ಮಿಯಾಯ್ತದೆ."

"ಆದಷ್ಟು ನಡೀರಿ ಅಮ್ಮ. ಆಗದ ದಿನ ಬೇಡ."

ಆಮೇಲೆ ಅವರು ಬದುಕಿದ್ದು ಹನ್ನೊಂದು ವಾರ. ಕೊನೆಯ ಸಲ ಮನೆಗೆ ಹೋದಾಗ ಗಂಡನ ತೋಳು ಹಿಡಿದು ಮಂಚದಿಂದ ಹೊಸಿಲಿನವರೆಗೆ ನಡೆದರು, ಅಲ್ಲೇ ಸ್ವಲ್ಪ ಹೊತ್ತು ಬಿಸಿಲಿಗೆ ಕುಳಿತರು. ತಿಥಿ ಮುಗಿದ ಮೇಲೆ ಗೌಡರು, ನಡೆಯಲು ಆಸರೆಗೆಂದು ನಾನು ಕೊಟ್ಟು ಕಳಿಸಿದ್ದ ಆಸ್ಪತ್ರೆಯ ವಾಕರ್ ಹಿಂದಿರುಗಿಸಲು ಬಂದರು. "ಅವ್ಳು ಆಮೇಕೆ ಕೊರಗ್ನಿಲ್ಲ ಮೇಡಮ್. ನಂಗೇ ಆ ಮೂರು ದಿವ್ಸ ಮನಸಿಂದ ಓಗ್ನಿಲ್ಲ," ಎಂದರು. ಅವರ ತಪ್ಪೇನೂ ಇಲ್ಲವೆಂದು ಮತ್ತೆ ಹೇಳಿದೆ. ತಲೆಯಾಡಿಸಿದರು, ನಂಬಲಿಲ್ಲ.

ಈಗ ಕ್ಯಾನ್ಸರ್ ರೋಗಿಗಳು ಬಂದರೆ, ವ್ಯಾಯಾಮದಿಂದ ಏನಾಗುವುದಿಲ್ಲ ಎಂಬುದನ್ನೇ ಮೊದಲು ಹೇಳುತ್ತೇನೆ. ಜೊತೆಗೆ ಬಂದವರನ್ನೂ ಕೂರಿಸಿಕೊಂಡು ಹೇಳುತ್ತೇನೆ. ಕೆಲವರ ಮುಖ ಬಾಡುತ್ತದೆ. ಬಾಡಿದರೂ ಹೇಳುತ್ತೇನೆ. ಹುಸಿ ಧೈರ್ಯ ಕೊಡಲು ನನಗೆ ಅರ್ಧ ನಿಮಿಷ ಸಾಕಾಗಿತ್ತು. ಅದರಿಂದ ಹುಟ್ಟಿದ ಕೊರಗನ್ನು ಗೌಡರ ಮನಸ್ಸಿನಿಂದ ತೆಗೆಯಲು ನನ್ನಿಂದ ಇಂದಿಗೂ ಆಗಿಲ್ಲ.