ಅಂಗಳ ಮುಟ್ಟದ ಫೋನು

ಮೊಮ್ಮಗಳು ಶಾಲೆಯ ಪ್ರಾಜೆಕ್ಟಿಗೆಂದು ನೆಲದ ಮೇಲೆ ದೊಡ್ಡ ಚಾರ್ಟ್ ಹಾಸಿಕೊಂಡು ಕೂತಿದ್ದಾಳೆ. ಬೀದರಿನ ನಮ್ಮ ಈ ಎರಡು ಕೋಣೆಯ ಮನೆಯ ತುಂಬ ಗೋಂದಿನ ವಾಸನೆ. ಚಾರ್ಟಿನಲ್ಲಿ ಮೊದಲು ತಂತಿ ಯಂತ್ರದ ಚಿತ್ರ, ಪಕ್ಕದಲ್ಲಿ ಕರಿ ಟೆಲಿಫೋನು, ಆಮೇಲೆ ಮೊಬೈಲು, ಕೊನೆಗೆ ಭೂಮಿಯನ್ನು ಬಲೆಯಂತೆ ಸುತ್ತಿಕೊಂಡ ಇಂಟರ್ನೆಟ್ಟು. ಒಂದರಿಂದ ಇನ್ನೊಂದಕ್ಕೆ ಕೆಂಪು ಬಾಣ. ಕೆಳಗೆ ಮುದ್ದಾದ ಅಕ್ಷರದಲ್ಲಿ, ‘ಹೀಗೆ ಮನುಷ್ಯರ ನಡುವಿನ ದೂರ ಇಲ್ಲವಾಯಿತು’ ಎಂದು ಬರೆದಿದ್ದಾಳೆ. ಓದಿ ನನಗೆ ಸಿಟ್ಟು ಬಂತು. ಅಷ್ಟು ಸಣ್ಣ ಹುಡುಗಿಯ ಮೇಲೆ ಎಂಥ ಸಿಟ್ಟು ಎನ್ನಬೇಡಿ. ಆ ಕರಿ ಟೆಲಿಫೋನನ್ನು ನಾನು ಬಲ್ಲೆ.

ಔರಾದಿನಲ್ಲಿ ನಾನು ಸೊಸೆಯಾಗಿ ಹೋದ ಮನೆಯಲ್ಲಿ ಅಂಥದೊಂದಿತ್ತು, ಇಡೀ ಓಣಿಗೆ ಒಂದೇ. ಮಾವನವರದು ಕಾಳಿನ ವ್ಯಾಪಾರ, ಅದಕ್ಕೆಂದು ಹಾಕಿಸಿದ್ದರು. ಪಡಸಾಲೆಯಲ್ಲಿ ಬಸವಣ್ಣನವರ ಪಟದ ಕೆಳಗೆ, ನಾನೇ ಹೆಣೆದ ಕ್ರೋಶಾ ಹೊದಿಕೆ ಹೊದ್ದು ಅದು ಕೂತಿರುತ್ತಿತ್ತು. ಮೆಟ್ರಿಕ್ ಪಾಸಾದವಳೆಂದು ಅದರ ಕಾರಭಾರ ನನ್ನದು. ‘ಹಲೋ’ ಎಂದು ನಾನು ರಾಗ ಎಳೆಯುವುದನ್ನು ಕೇಳಿ ನಮ್ಮವರು, ರೇಡಿಯೋದವರು ಬಂದರು ಎಂದು ನಗುತ್ತಿದ್ದರು. ನನಗೆ ಅದೂ ಹೊಗಳಿಕೆಯೇ.

ಎರಡು ವರ್ಷ ಮಳೆ ಕೈಕೊಟ್ಟಿತು. ಅರ್ಧ ಊರು ಭಾಲ್ಕಿ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿ, ಹೈದರಾಬಾದಿನಲ್ಲಿ ಮನೆ ಕಟ್ಟುವ ಕೆಲಸಕ್ಕೆ ಸೇರಿತು. ಹೋದವರ ಜೇಬಿನ ಚೀಟಿಗಳಲ್ಲೆಲ್ಲ ನಮ್ಮ ನಂಬರು, ಅದರ ಮುಂದೆ ಪಿ.ಪಿ. ಎಂದರೆ ಪಕ್ಕದವರ ಫೋನು. ಅಲ್ಲಿಂದ ಒಬ್ಬ ಹೆಸರು ಹೇಳಿ ಇಟ್ಟುಬಿಡುತ್ತಿದ್ದ. ನಾವು ಅವನ ಮನೆಯವರನ್ನು ಕರೆತಂದು ಕೂರಿಸಿದ ಮೇಲೆ ಮತ್ತೆ ಮಾಡುತ್ತಿದ್ದ. ಮಾವನವರು ಯಾರಿಗೂ ಇಲ್ಲ ಎಂದವರಲ್ಲ. ಆ ಉಪಕಾರದ ಮಾತು ಊರೆಲ್ಲ ಆಡಿಕೊಳ್ಳುವಂತೆಯೂ ನೋಡಿಕೊಳ್ಳುತ್ತಿದ್ದರು.

ಆದರೆ ಶಾಂತಾಬಾಯಿಯನ್ನು ಕೂರಿಸುತ್ತಿರಲಿಲ್ಲ. ಅವಳದು ಬೌದ್ಧರ ಓಣಿ, ಬೌದ್ಧರಾದ ದಲಿತರದು. ಅತ್ತೆ ಅವಳಿಗೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಪಟದಲ್ಲಿದ್ದ ಬಸವಣ್ಣನವರನ್ನು ಯಾರೂ ಕೇಳಲಿಲ್ಲ. ಅವಳು ಅಂಗಳದಲ್ಲಿ ನಿಲ್ಲುತ್ತಿದ್ದಳು. ಅವಳ ಗಂಡ ಮಾರುತಿ ಹೇಳಿದ್ದನ್ನು ನಾನು ಒಳಗಿಂದ ಕೂಗಿ ಹೇಳುತ್ತಿದ್ದೆ, ಅವಳು ಹೇಳಿದ್ದನ್ನು ಫೋನಿಗೆ ಒಪ್ಪಿಸುತ್ತಿದ್ದೆ. ಹೈದರಾಬಾದಿನಿಂದ ತಂತಿಯ ಮೇಲೆ ಬಂದ ಮಾತಿಗೆ ಕೊನೆಯ ಹದಿನೈದು ಹೆಜ್ಜೆ ನಾನು. ಗಂಡ ಹೆಂಡತಿ ಮೂರನೆಯವಳ ಬಾಯಲ್ಲಿ ಏನು ಆಡಿಕೊಂಡಾರು? ಉಂಡಿಯಾ, ಉಂಡೆ. ಕೂಸು ಹೇಗಿದೆ, ಆರಾಮಿದೆ. ಅಷ್ಟರಲ್ಲೂ ನನಗೆ ಒಲೆಯ ಮೇಲಿನ ಸಾರಿನ ಚಿಂತೆಯಿದ್ದರೆ ಒಂದೆರಡು ಮಾತು ನುಂಗಿಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಮಾರುತಿ, “ಅಕ್ಕೋರ, ಇವತ್ತೊಂದಿನ ಆಕಿ ಕೈಯಾಗ ಫೋನ್ ಕೊಡ್ರಿ. ಆಕಿ ದನಿ ಕೇಳಿ ಆರ್ ತಿಂಗಳಾತರಿ” ಎಂದ.

ನಾನು ಅತ್ತೆಯ ಕಡೆ ನೋಡಿದೆ. ಜೋಳ ಹಸನು ಮಾಡುತ್ತಿದ್ದ ಅವರ ಕೈ ನಿಂತಿತ್ತು, ಅಷ್ಟೇ. ವೈರು ಅಲ್ಲಿಯ ತನಕ ಬರುವುದಿಲ್ಲ ಎಂದು ನಾನಾಗಿಯೇ ಹೇಳಿದೆ. ಬರುತ್ತಿತ್ತು. ನನ್ನ ತಮ್ಮ ಫೋನ್ ಮಾಡಿದಾಗಲೆಲ್ಲ ಅದನ್ನು ಅಂಗಳದ ಕಟ್ಟೆಗೆ ಎಳೆದುಕೊಂಡು ಹರಟೆ ಹೊಡೆಯುತ್ತಿದ್ದವಳು ನಾನೇ.

ಅವನು ಇನ್ನೊಂದು ದಾರಿ ಹೇಳಿದ. “ಇರಲಿ ಬಿಡ್ರಿ. ನಿಂತಲ್ಲಿಂದೇ ಜರಾ ಜೋರಾಗಿ ಏನರ ಮಾತಾಡು ಅನ್ರಿ ಆಕಿಗಿ. ನನಗ ಕೇಳಸ್ತದ.”

ಅತ್ತೆ ಇನ್ನೂ ನೋಡುತ್ತಲೇ ಇದ್ದರು. ನಾನು ಫೋನ್ ಇಟ್ಟುಬಿಟ್ಟೆ. ಲೈನ್ ಕಟ್ಟಾಯಿತು ಎಂದು ಶಾಂತಾಬಾಯಿಗೆ ಹೇಳಿದೆ. ಅವಳು ಇನ್ನಷ್ಟು ಹೊತ್ತು ಬಿಸಿಲಲ್ಲಿ ಕಾದು ಹೋದಳು.

ಹದಿನೈದು ದಿನಕ್ಕೆ ಟೆಲಿಗ್ರಾಂ ಬಂತು. ತಂದವನು ನಮ್ಮ ಮನೆಯ ಮುಂದೆ ನಿಲ್ಲದೆ ನೆಟ್ಟಗೆ ಅವಳ ಓಣಿಗೆ ಹೋಗಿ ಅವಳ ಕೈಗೇ ಕೊಟ್ಟ. ಇಂಗ್ಲಿಷಿನಲ್ಲಿತ್ತು, ಓದಿಸಿಕೊಳ್ಳಲು ನಮ್ಮ ಅಂಗಳಕ್ಕೆ ಓಡಿ ಬಂದಳು. ಆ ದಿನ ನಾನು ಹೊಸ್ತಿಲು ದಾಟಿ, ಅವಳ ಹೆಗಲಿಗೆ ಹೆಗಲು ಹಚ್ಚಿ ನಿಂತು ಓದಿದೆ. ಕಟ್ಟುತ್ತಿದ್ದ ಗೋಡೆ ಕುಸಿದು ಮಾರುತಿ ಸತ್ತಿದ್ದ. ಅತ್ತೆ ಬೇಡ ಎನ್ನಲಿಲ್ಲ. ಸಾವಿನ ಸುದ್ದಿ ಮುಟ್ಟಿಸಲು ನಮಗೆ ಯಾವ ಮೈಲಿಗೆಯೂ ಅಡ್ಡ ಬರಲಿಲ್ಲ.

ಶಾಂತಾಬಾಯಿಯ ಆಗಿನ ಆ ಕೂಸು ಈಗ ಇಲ್ಲೇ ಬೀದರಿನ ಒಂದು ಬ್ಯಾಂಕಿನಲ್ಲಿದ್ದಾಳೆ. ಹೋದ ವರ್ಷ ಪಾಸ್‌ಬುಕ್ಕಿನಲ್ಲಿ ಅವ್ವನ ಬಾಯಲ್ಲಿ ಕೇಳಿದ್ದ ನನ್ನ ಹೆಸರು ನೋಡಿ ಗುರುತು ಹಿಡಿದು, ಅವ್ವನ ಜೊತೆ ಮಾತಾಡಿ ಎಂದು ನಂಬರು ಕೊಟ್ಟಳು. ವರ್ಷವಿಡೀ ಅದು ನನ್ನ ಮೊಬೈಲಿನಲ್ಲಿ ಬಿದ್ದಿತ್ತು. ಇವತ್ತು ಚಾರ್ಟು ನೋಡಿ ಎದ್ದವಳೇ ಒಳಕೋಣೆಗೆ ಹೋಗಿ ಫೋನ್ ಮಾಡಿದೆ.

ಶಾಂತಾಬಾಯಿ ನನ್ನ ಮೊಣಕಾಲು ನೋವಿನ ತನಕ ಎಲ್ಲವನ್ನೂ ವಿಚಾರಿಸಿದಳು. ನಾನು ತಡೆದು, ಅಂದು ವೈರು ಅಂಗಳದ ತನಕ ಬರುತ್ತಿತ್ತು ಎಂದೆ.

“ಗೊತ್ತದರಿ,” ಎಂದಳು. “ನಾ ದಿನಾ ಆ ದಾರೀಲೇ ಹೋಗ್ತಿದ್ದೆನಲ್ರಿ.”

ಆಮೇಲೆ ಮಾರುತಿಯ ಆ ಕೊನೆಯ ಮಾತನ್ನು, ಅವನು ಹೇಳಿದ ಹಾಗೆಯೇ, ಒಂದೂ ನುಂಗದೆ ಹೇಳಿದೆ. ಆ ಕಡೆ ಓಡುತ್ತಿದ್ದ ಟಿ.ವಿ.ಯನ್ನು ಅವಳು ಬಂದ್ ಮಾಡಿದಳು.

“ಇದನ್ನ ಅಂದೇ ಹೇಳಿದ್ರ, ನಿಮ್ಮ ಫೋನಿಲ್ಲದನೇ ಹೈದರಾಬಾದಿಗಿ ಕೇಳೋ ಹಂಗ ಒದರ್ತಿದ್ದೆರಿ, ಅಕ್ಕೋರ.”

ಫೋನ್ ಇಟ್ಟಳು. ಮತ್ತೆ ಮಾಡಿದೆ. ಎತ್ತಲಿಲ್ಲ.