ಗುಲಾಬಿಯಕ್ಕ ಹೇಳದ ಮಾತು

ಗುಲಾಬಿಯಕ್ಕ ತನ್ನ ಮಗಳಿಗೆ ‘ಮನೆಗೆ ಬರುವುದು ಬೇಡ’ ಎಂದು ಯಾವತ್ತೂ ಹೇಳಿರಲಿಲ್ಲ. ಹಾಗೆ ಹೇಳಿದರೆಂದು ಆ ಹುಡುಗಿಗೆ ಹೇಳಿದವಳು ನಾನು. ಮಗಳಿಗೆ ಮನೆಗೆ ಬರುವ ಮನಸ್ಸಿಲ್ಲ ಎಂದು ಗುಲಾಬಿಯಕ್ಕನಿಗೆ ಹೇಳಿದವಳೂ ನಾನೇ. ಎರಡೂ ಸುಳ್ಳು. ಎರಡನ್ನೂ ಒಂದೇ ವಾರದಲ್ಲಿ ಹೇಳಿದೆ — ಧ್ವನಿ ನಡುಗಲಿಲ್ಲ, ಮುಖವೂ ಬಾಡಲಿಲ್ಲ.

ಇದನ್ನು ಬರೆಯಲು ಕುಳಿತಾಗಿನಿಂದ ಎಷ್ಟು ಸಲ ಎದ್ದೆನೋ. ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋಗಿ ಬರುತ್ತೇನೆ. ಗೇಟು ಹಾಕಿದೆಯೇ ಎಂದು ನೋಡುತ್ತೇನೆ. ಮತ್ತೆ ಬಂದು ಕೂರುತ್ತೇನೆ. ಮೊದಲಿನಿಂದಲೇ ಹೇಳಬೇಕು — ಇಲ್ಲವಾದರೆ ನನಗೆ ಅನುಕೂಲವಾಗುವ ಹಾಗೆ ಹೇಳಿಬಿಡುತ್ತೇನೆ. ಆ ಅಭ್ಯಾಸ ನನಗುಂಟು.

ನಾನು ಬೆಳ್ತಂಗಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಆದರೆ ಪಾಠಕ್ಕಿಂತ ಹೆಚ್ಚು ಹೆಸರು ಬಂದದ್ದು ಭಾಷಣದಿಂದ. ಪೋಷಕರ ಸಭೆ ಎಂದರೆ ನನ್ನನ್ನು ಕರೆಯುತ್ತಿದ್ದರು. ಬಂಟ್ವಾಳದಿಂದಲೂ ಮೂಡುಬಿದಿರೆಯಿಂದಲೂ ಕರೆ ಬರುತ್ತಿತ್ತು. ವಿಷಯ ಯಾವಾಗಲೂ ಒಂದೇ — ಮನೆಯ ವಾತಾವರಣ ಮತ್ತು ಮಕ್ಕಳ ಕಲಿಕೆ. ಟಿವಿ ಬಂದ್ ಮಾಡಿ. ಮಗುವಿಗೆ ಓದಲು ಒಂದು ಮೂಲೆಯನ್ನಾದರೂ ಬಿಟ್ಟುಕೊಡಿ. ಮನೆಯಲ್ಲಿ ಗಲಾಟೆ ಇದ್ದರೆ ತಲೆಯಲ್ಲಿ ಪಾಠ ನಿಲ್ಲುವುದಿಲ್ಲ. ಹೀಗೆಲ್ಲ ಹೇಳುವಾಗ ಎದುರು ಕುಳಿತ ತಾಯಂದಿರು ತಲೆ ತಗ್ಗಿಸುತ್ತಿದ್ದರು. ಅವರಿಗೆ ನನ್ನ ಮಾತು ನಾಟಿತು ಎಂದುಕೊಳ್ಳುತ್ತಿದ್ದೆ. ಅವರಿಗಾಗುತ್ತಿದ್ದದ್ದು ಅವಮಾನ ಎಂದು ಹೊಳೆಯಲೇ ಇಲ್ಲ.

ಹಾಗಾದರೆ ನನ್ನ ಮನೆ? ಅಲ್ಲಿ ಮೌನಕ್ಕೆ ಕೊರತೆಯೇ ಇರಲಿಲ್ಲ. ನಾನೂ ನನ್ನ ಗಂಡನೂ ಮಾತು ಬಿಟ್ಟು ವರ್ಷಗಳಾಗಿದ್ದವು. ಕಾರಣ ಇಲ್ಲಿ ಬೇಡ — ನಿಜ ಹೇಳಬೇಕೆಂದರೆ ಕಾರಣ ನಮಗಿಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ. ಜಗಳವಿಲ್ಲ, ಕೂಗಾಟವಿಲ್ಲ. ಹೇಳಬೇಕಾದದ್ದೇನಾದರೂ ಇದ್ದರೆ ಮಗ ಪ್ರಸಾದನ ಬಾಯಿಂದ. “ಅಪ್ಪನಿಗೆ ಊಟಕ್ಕೆ ಬರ್ಲಿಕ್ಕೆ ಹೇಳು.” ಅವನು ಪುಸ್ತಕ ಮಡಚಿ ಹೋಗಿ ಹೇಳುತ್ತಿದ್ದ. ಆ ಕಡೆಯಿಂದ ಉತ್ತರ ಹೊತ್ತು ತರುತ್ತಿದ್ದ. ಅವನಿಗೆ ಬೇರೆ ಕೋಣೆ ಇತ್ತು, ಮೇಜಿತ್ತು, ಬೆಳಕಿತ್ತು. ನಾನು ಸಭೆಗಳಲ್ಲಿ ಬಯಸಿದ್ದೆಲ್ಲ ಇತ್ತು. ಅವನು ಪಿಯುಸಿಯಲ್ಲಿ ಫೇಲಾದ. ಮನೆಯ ತಪ್ಪೆಂದು ಯಾರೂ ಹೇಳುವಂತಿರಲಿಲ್ಲ. ಹುಡುಗನಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದೆ. ಎಲ್ಲರೂ ನಂಬಿದರು. ಈಗ ಮೂಡುಬಿದಿರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮಲಗುವಾಗಲೂ ಟಿವಿ ಹಾಕಿಕೊಂಡೇ ಇರಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲವಂತೆ.

ಇದನ್ನು ನೆಪವಾಗಿ ಹೇಳುತ್ತಿಲ್ಲ. ಆ ಸುಳ್ಳುಗಳನ್ನು ಹೇಳಿದ ವರ್ಷ ನನ್ನ ತಲೆ ಹೇಗೆ ಓಡುತ್ತಿತ್ತು ಎಂದು ತಿಳಿಯಲಿ ಎಂದಷ್ಟೆ. ನನ್ನ ಮಾತು ಸರಿ ಎಂದು ತೋರಿಸಲು ನನಗೊಂದು ಮಗು ಬೇಕಾಗಿತ್ತು — ನನ್ನದಲ್ಲದ ಮಗು.

ಆ ಮಗು ಹರಿಣಾಕ್ಷಿ. ಎಂಟನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಚುರುಕು, ಕೈ ಎತ್ತಿ ಪ್ರಶ್ನೆ ಕೇಳುವವಳು. ಅವಳ ತಾಯಿ ಗುಲಾಬಿಯಕ್ಕ ಉಜಿರೆಯಿಂದ ಧರ್ಮಸ್ಥಳಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಹೋಟೆಲಿನ ಹಿಂದಿನ ಕೋಣೆಯೇ ಮನೆ. ಗಂಡ ಮುಂಬಯಿಯಲ್ಲಿ ಅಡುಗೆ ಕೆಲಸಕ್ಕಿದ್ದು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು.

ಮನೆಭೇಟಿ ಎಂದು ಒಂದು ಸಂಜೆ ಅಲ್ಲಿಗೆ ಹೋದೆ. ಗೋಳಿಬಜೆಯ ಬಾಣಲೆ, ಹೊಗೆ, ಟಿವಿಯಲ್ಲಿ ಹಾಡು, ಹೊರಗೆ ಯಾತ್ರಿಕರ ಬಸ್ಸುಗಳ ಹಾರನ್ನು. ನಡುವೆ ಹರಿಣಾಕ್ಷಿ ಅಕ್ಕಿ ಮೂಟೆಯ ಮೇಲೆ ಕುಳಿತು ನನ್ನದೇ ಪಾಠವನ್ನು ದೊಡ್ಡ ಸ್ವರದಲ್ಲಿ ಓದುತ್ತಿದ್ದಳು. ಐದನೆಯ ತರಗತಿಗೆ ಶಾಲೆ ಬಿಟ್ಟಿದ್ದ ಗುಲಾಬಿಯಕ್ಕ ಬಜೆ ತಿರುಗಿಸುತ್ತಾ “ಹಾಗಂದ್ರೆ ಎಂತದು?” ಎಂದು ಕೇಳುತ್ತಿದ್ದರು. ಅವಳು ವಿವರಿಸುತ್ತಿದ್ದಳು. ಎಲೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತದೆ ಎಂದಳು. ಚಾ ಕುಡಿಯುತ್ತಿದ್ದ ಜೀಪು ಡ್ರೈವರೊಬ್ಬ, ಹಾಗಾದರೆ ರಾತ್ರಿ ಎಲೆ ಏನು ಮಾಡುತ್ತದೆ ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಮರುದಿನ ತರಗತಿಯಲ್ಲಿ ನನ್ನನ್ನು ಆ ಪ್ರಶ್ನೆ ಕೇಳಿದಳು — ಆಗಲಾದರೂ ನನಗೆ ತಿಳಿಯಬೇಕಿತ್ತು.

ನನ್ನ ಕಣ್ಣಿಗೆ ಕಂಡದ್ದು ಗಲಾಟೆ ಮಾತ್ರ. ಓದುವ ಹುಡುಗಿ ನಡುವೆ ಎದ್ದು ಟೇಬಲ್ ಒರೆಸುವುದು ಮಾತ್ರ.

ಮುಂದಿನ ಪೋಷಕರ ಸಭೆಯಲ್ಲಿ, ಹೆಸರು ಹೇಳದೆ, ಹೋಟೆಲಿನಲ್ಲಿ ಕುಳಿತು ಓದುವ ಮಗುವಿನ ಕಥೆ ಹೇಳಿದೆ. ಯಾರ ಮಗು ಎಂದು ಎಲ್ಲರಿಗೂ ಗೊತ್ತಾಯಿತು. ಗುಲಾಬಿಯಕ್ಕ ಹಿಂದಿನ ಬೆಂಚಿನಲ್ಲಿದ್ದರು. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು, ನಾನೇನು ಮಾಡಬೇಕು ಟೀಚರ್ ಎಂದು ತುಳುವಿನಲ್ಲಿ ಕೇಳಿದರು. ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಮೂಡುಬಿದಿರೆಯ ಹತ್ತಿರ ಒಂದು ವಸತಿ ಶಾಲೆಯ ಹೆಸರು ಹೇಳಿದೆ. ನಾನೇ ಮುಂದೆ ನಿಂತು ಒಂಬತ್ತನೆಯ ತರಗತಿಗೆ ಸೇರಿಸಿದೆ. ಆ ಶಾಲೆಯದೇನೂ ತಪ್ಪಿಲ್ಲ, ಒಳ್ಳೆಯ ಶಾಲೆ. ಓದುವ ಹೊತ್ತಿನಲ್ಲಿ ಒಬ್ಬರೂ ಮಾತನಾಡುವಂತಿಲ್ಲ, ಸಾಲಾಗಿ ಮೇಜುಗಳು. ನೋಡಿ ನನಗೆ ಹಿತವಾಯಿತು.

ಆಮೇಲೆ ಹೋದ ಸಭೆಗಳಲ್ಲೆಲ್ಲ ಹರಿಣಾಕ್ಷಿಯ ಕಥೆ ಹೇಳಿದೆ. ವಾತಾವರಣ ಬದಲಾದದ್ದೇ ಹುಡುಗಿ ಹೇಗೆ ಅರಳಿದಳು ನೋಡಿ ಎಂದೆ. ಅವಳು ಅರಳಿದ್ದಾಳೋ ಇಲ್ಲವೋ ನನಗಿನ್ನೂ ತಿಳಿದಿರಲಿಲ್ಲ.

ದಸರಾ ರಜೆ ಮುಗಿದು ಸ್ವಲ್ಪ ದಿನಕ್ಕೆ ಅವಳು ಹಾಸ್ಟೆಲಿನಿಂದ ನನಗೆ ಫೋನ್ ಮಾಡಿದಳು. ತಾಯಿಗಲ್ಲ, ನನಗೆ.

“ಟೀಚರ್, ಇಲ್ಲಿ ಓದಿದ್ದು ನನಗೆ ತಲೆಗೆ ಹೋಗುವುದಿಲ್ಲ. ಮನಸ್ಸಿನಲ್ಲೇ ಓದಬೇಕು. ಯಾರೂ ಎಂತದೂ ಕೇಳುವುದಿಲ್ಲ. ನನ್ನನ್ನು ಮನೆಗೆ ಕರ್ಕೊಂಡು ಹೋಗ್ಲಿಕ್ಕೆ ಅಮ್ಮನಿಗೆ ಹೇಳ್ತೀರಾ? ನೀವು ಹೇಳಿದ್ರೆ ಅಮ್ಮ ಕೇಳ್ತಾರೆ.”

ಹೇಳುತ್ತೇನೆ ಎಂದೆ. ಆ ಕ್ಷಣದಲ್ಲಿ ಹೇಳುವ ಉದ್ದೇಶವೂ ಇತ್ತೇನೋ — ಖಚಿತವಾಗಿ ಹೇಳಲಾರೆ. ಅದೇ ವಾರ ಬಂಟ್ವಾಳದ ಒಂದು ಶಾಲೆಯಲ್ಲಿ ನನ್ನ ಭಾಷಣವಿತ್ತು. ಅಲ್ಲಿಯೂ ಅವಳ ಕಥೆ ಹೇಳಿ, ಚಪ್ಪಾಳೆ ಕೇಳಿ, ಬಸ್ಸು ಹತ್ತಿದೆ. ಬರುವ ದಾರಿಯುದ್ದಕ್ಕೂ ನನ್ನೊಳಗೆ ಲೆಕ್ಕಾಚಾರ. ಅವಳು ಹಿಂದೆ ಬಂದರೆ, ಅದೇ ಮೂಟೆಯ ಮೇಲೆ ಕುಳಿತು ಓದಿ, ಅಲ್ಲಿಗಿಂತ ಇಲ್ಲಿಯೇ ಚೆನ್ನಾಗಿ ಕಲಿತರೆ...

ಮರುದಿನ ಗುಲಾಬಿಯಕ್ಕ ಶಾಲೆಯ ಗೇಟಿನ ಹತ್ತಿರ ನನಗಾಗಿ ಕಾದಿದ್ದರು. ಮಗಳು ಫೋನಿನಲ್ಲಿ ಹೌದು, ಅಲ್ಲ ಎನ್ನುವುದು ಬಿಟ್ಟರೆ ಏನೂ ಮಾತನಾಡುವುದಿಲ್ಲ; ಕರೆದುಕೊಂಡು ಬರೋಣವೇ ಎಂದು ಕೇಳಿದರು. ನಾನು ಹೇಳಿದೆ: “ನನಗೆ ಫೋನ್ ಮಾಡಿದ್ದಳು ಗುಲಾಬಿಯಕ್ಕ. ಅವಳಿಗೆ ಅಲ್ಲಿ ಇಷ್ಟ ಆಗಿದೆ. ಮನೆಗೆ ಬರುವ ಮನಸ್ಸಿಲ್ಲವಂತೆ. ನೀವು ಆಗಾಗ ಹೋಗಿ ಅವಳ ಓದು ಕೆಡಿಸಬೇಡಿ.”

ಒಳ್ಳೆಯದಾಯಿತು ಎಂದರು ಅವರು.

ಆ ಶನಿವಾರ ಹರಿಣಾಕ್ಷಿ ಮತ್ತೆ ಫೋನ್ ಮಾಡಿದಳು. “ಅಮ್ಮ ಬೇಡ ಅಂದ್ರು. ಅಲ್ಲೇ ಇದ್ದು ಓದಬೇಕಂತೆ,” ಎಂದೆ. ನಾನು ಎಷ್ಟೋ ಕೇಳಿಕೊಂಡೆ ಎಂದೂ ಸೇರಿಸಿದೆ. ಯಾಕೆ ಸೇರಿಸಿದೆ — ಅದನ್ನು ಇವತ್ತಿಗೂ ನನ್ನಿಂದ ಯೋಚಿಸಲಾಗುವುದಿಲ್ಲ.

ರಜೆಯಲ್ಲಿ ಅವಳು ಮನೆಗೆ ಬಂದಾಗ ಒಬ್ಬರು ಬಾಯಿಬಿಟ್ಟಿದ್ದರೂ ಎಲ್ಲ ಬಯಲಾಗುತ್ತಿತ್ತು. ಆ ಭಯದಲ್ಲಿ ಬೇಸಗೆ ರಜೆಯುದ್ದಕ್ಕೂ ನಾನು ಹೋಟೆಲಿರುವ ದಾರಿ ಹಿಡಿಯಲಿಲ್ಲ. ಆದರೆ ಇಬ್ಬರೂ ಕೇಳಲಿಲ್ಲ. ಬೇಡವೆಂದ ತಾಯಿಯ ಹತ್ತಿರ ಮಗಳು ಏನು ಕೇಳುವುದು? ದೊಡ್ಡ ಶಾಲೆ ಸೇರಿದ ಮಗಳಿಗೆ ಹೋಟೆಲು ನಾಚಿಕೆಯಾಗಿದೆ ಎಂದುಕೊಂಡ ತಾಯಿ ಏನು ಕೇಳುವುದು? ಅವಳು ಓದುವಾಗ ಗುಲಾಬಿಯಕ್ಕ ಟಿವಿ ಬಂದ್ ಮಾಡಿದರಂತೆ. ಗಿರಾಕಿಗಳಿಗೂ ಮೆಲ್ಲಗೆ ಮಾತನಾಡಲು ಹೇಳಿದರಂತೆ. ನನ್ನ ಮೌನ ಆ ಮನೆಗೂ ಬಂದು ಕುಳಿತಿತು.

ಹತ್ತನೆಯ ತರಗತಿಯಲ್ಲಿ ಹರಿಣಾಕ್ಷಿ ಫೇಲಾದಳು. ವಿಜ್ಞಾನದಲ್ಲಿಯೂ. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಬಿ.ಸಿ. ರೋಡಿನ ಚಿಕ್ಕಮ್ಮನ ಮನೆಗೆ ಹೋಗಿ ಬಟ್ಟೆ ಅಂಗಡಿ ಸೇರಿದಳು. ಅಲ್ಲಿಯೇ ಮದುವೆಯೂ ಆಯಿತು. ನನ್ನ ಭಾಷಣಗಳಿಂದ ಅವಳ ಕಥೆಯನ್ನು ತೆಗೆದೆ. ಭಾಷಣ ನಿಲ್ಲಿಸಲಿಲ್ಲ.

ಕಳೆದ ವರ್ಷ ಬಿ.ಸಿ. ರೋಡಿನಲ್ಲಿ ಸೀರೆ ಕೊಳ್ಳಲು ಹೋದ ಅಂಗಡಿಯಲ್ಲಿ ಅವಳೇ ಸಿಕ್ಕಳು. ನನ್ನನ್ನು ಕೂಡಲೇ ಗುರುತು ಹಿಡಿದು ಕುರ್ಚಿ ಕೊಟ್ಟಳು, ಚಾ ತರಿಸಿದಳು. ಅವಳ ಮಗಳು ಒಂದನೆಯ ತರಗತಿಯಂತೆ. ಎಷ್ಟು ಕಲಿಯುತ್ತಾಳೋ ಕಲಿಯಲಿ, ಹಾಸ್ಟೆಲಿಗೆ ಮಾತ್ರ ಹಾಕುವುದಿಲ್ಲ ಎಂದಳು. ತಾಯಿಯ ಬಗ್ಗೆ ಕೇಳಿದೆ. ಹೋಗುವುದು ಕಡಿಮೆ ಎಂದು ಸೀರೆ ಮಡಚುತ್ತಾ ಹೇಳಿದಳು.

“ಅಮ್ಮನಿಗೆ ನಾನು ಬೇಡ ಇತ್ತು ಅಲ್ವಾ ಟೀಚರ್. ಆವಾಗ ನನ್ನ ಪರವಾಗಿ ಕೇಳಿದವರು ನೀವು ಒಬ್ಬರೇ. ಅದು ನಾನು ಮರೆಯುವುದಿಲ್ಲ.”

ಕೊಂಡ ಸೀರೆಯನ್ನು ಅಲ್ಲಿಯೇ ಬಿಟ್ಟು ಬಂದಿದ್ದೇನೆಂದು ಬಸ್ಸು ಗುರುವಾಯನಕೆರೆ ದಾಟಿದ ಮೇಲೆ ತಿಳಿಯಿತು.

ಅಂದಿನಿಂದ ಒಂದು ಕಡೆ ಕುಳಿತಿರಲು ಆಗಲಿಲ್ಲ. ಮನೆಯೊಳಗೆ ಸುಮ್ಮನೆ ನಡೆಯುತ್ತಿದ್ದೆ. ಗಂಡ — ಈಗ ನಾವು ಅಗತ್ಯಕ್ಕೆ ತಕ್ಕಷ್ಟು ಮಾತನಾಡುತ್ತೇವೆ — ಡಾಕ್ಟರಲ್ಲಿಗೆ ಹೋಗೋಣವೇ ಎಂದು ಕೇಳಿದರು. ಹೋಟೆಲಿಗೂ ಹೋದೆ. ಹೋಗಿ ಚಾ ಕುಡಿದು, ಗುಲಾಬಿಯಕ್ಕ ಪ್ರೀತಿಯಿಂದ ಕೊಟ್ಟ ಬನ್ಸ್ ಕಟ್ಟಿಸಿಕೊಂಡು, ಏನೂ ಹೇಳದೆ ಹಿಂದೆ ಬಂದೆ. ಹೇಳಿ ಈಗೇನು ಪ್ರಯೋಜನ, ವಯಸ್ಸಾದವರ ಮನಸ್ಸು ಯಾಕೆ ಕೆಡಿಸುವುದು ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಬೇರೆಯವರ ಒಳಿತಿಗೆಂದು ಸುಳ್ಳನ್ನು ಇಟ್ಟುಕೊಳ್ಳುವುದು — ಅದೇ ಹಳೆಯ ದಾರಿ.

ಕೊನೆಗೆ ಒಂದು ಮಧ್ಯಾಹ್ನ ಮತ್ತೆ ಹೋದೆ. ಗಿರಾಕಿಗಳು ಹೆಚ್ಚಿರಲಿಲ್ಲ. ಗುಲಾಬಿಯಕ್ಕ ಸಂಜೆಯ ಬಜೆಗೆ ಹಿಟ್ಟು ಕಲಸುತ್ತಿದ್ದರು. ಕೂತುಕೊಳ್ಳಿ ಎಂದರು. ನಾನು ನಿಂತೇ ಹೇಳಿದೆ. ಅವಳ ಫೋನು, ನನ್ನ ಮಾತು, ಮತ್ತೆ ಅವಳ ಫೋನು — ಏನನ್ನೂ ಬಿಡಲಿಲ್ಲ.

ಹಿಟ್ಟಿನಲ್ಲಿದ್ದ ಅವರ ಕೈ ನಿಂತಿತು.

“ಅವಳು ಬರ್ತೇನೆ ಅಂದಿದ್ಳಾ?”

ಹೌದು ಎಂದೆ.

“ಮನೆಗೆ? ಇಲ್ಲಿಗೆ ಬರ್ತೇನೆ ಅಂತ ಅವಳೇ ಹೇಳಿದ್ದಾ?”

ಹೌದು ಎಂದೆ. ಅವರು ಬೈಯಲಿಲ್ಲ. ಅಳಲೂ ಇಲ್ಲ. ಕೈ ತೊಳೆದು, ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿದರು. ಗ್ಯಾಸು ಬಂದ್ ಮಾಡಿದರು. ಕುಳಿತಿದ್ದ ಗಿರಾಕಿಗಳಿಗೆ ಇವತ್ತು ಹೋಟೆಲು ಇಲ್ಲ ಎಂದರು. ಉಟ್ಟ ಸೀರೆಯಲ್ಲೇ ಬಾಗಿಲೆಳೆದು ರಸ್ತೆಗೆ ಬಂದು ಬಸ್ಸಿಗೆ ನಿಂತರು. ನಾನೂ ಬರುತ್ತೇನೆ, ನಾನೇ ಅವಳಿಗೆ ಹೇಳುತ್ತೇನೆ ಎಂದೆ.

“ನೀವು ಬರುವುದು ಬೇಡ ಟೀಚರ್,” ಎಂದರು ನನ್ನ ಮುಖ ನೋಡದೆ. “ನಮ್ಮ ಮಾತು ಇನ್ನು ಯಾರೂ ಹೊತ್ತುಕೊಂಡು ಹೋಗುವುದು ಬೇಡ.”

ಬಸ್ಸು ಬಂತು. ಹತ್ತಿದರು.

ಹರಿಣಾಕ್ಷಿಯ ಅಂಗಡಿಯಲ್ಲಿ ಏನು ನಡೆಯಿತು ಎಂದು ನನಗೆ ಗೊತ್ತಿಲ್ಲ. ತಿಳಿಯುವ ಹಕ್ಕೂ ಇಲ್ಲ. ಮುಂದಿನ ಭಾನುವಾರ ಹರಿಣಾಕ್ಷಿ ಮಗಳನ್ನು ಕರೆದುಕೊಂಡು ಹೋಟೆಲಿಗೆ ಬಂದಿದ್ದಳೆಂದು ನಮ್ಮೂರಿನ ರಿಕ್ಷಾದವನು ಹೇಳಿದ. ಕೇಳಿ ಎದೆ ಹಗುರಾಗಲು ಹೊರಟಿತು — ನಾನು ಬಿಡಲಿಲ್ಲ. ಹೋದ ವರ್ಷಗಳು ಒಂದು ಭಾನುವಾರದಿಂದ ಮರಳಿ ಬರುವುದಿಲ್ಲ. ಬಿಟ್ಟ ಪರೀಕ್ಷೆಯೂ ಬರುವುದಿಲ್ಲ.

ಆಮೇಲೆ ಒಂದು ದಿನ ಅವಳ ಫೋನ್ ಬಂತು. ಹಿಂದೆ ಅಂಗಡಿಯ ಸದ್ದು ಕೇಳುತ್ತಿತ್ತು. ನಮಸ್ಕಾರ ಹೇಳಲಿಲ್ಲ.

“ಯಾಕೆ ಹಾಗೆ ಹೇಳಿದ್ದು ಟೀಚರ್?”

ನನ್ನಲ್ಲಿ ಉತ್ತರಗಳು ಬಹಳ ಇದ್ದವು. ಪ್ರಸಾದ, ನನ್ನ ಗಂಡ, ಆ ಮನೆ, ಆಗಿನ ನನ್ನ ನಂಬಿಕೆ. ಎಲ್ಲ ನಾಲಗೆಯ ತುದಿಗೆ ಬಂದವು. ಹೇಳಲಿಲ್ಲ.

“ಸಭೆಗಳಲ್ಲಿ ನಿನ್ನ ಕಥೆ ಹೇಳಿಯಾಗಿತ್ತು. ನನ್ನ ಮಾತು ಸುಳ್ಳಾಗಬಾರದು ಅಂತ.”

“ಅಷ್ಟಕ್ಕಾ?”

“ಅಷ್ಟಕ್ಕೇ.”

ಯಾರೋ ಗಿರಾಕಿ ರವಿಕೆ ಬಟ್ಟೆಯ ಬಣ್ಣ ಕೇಳಿದರು, ಅವರಿಗೆ ಉತ್ತರ ಕೊಟ್ಟಳು. ಮತ್ತೆ ನನ್ನ ಕಡೆಗೆ ಬರುತ್ತಾಳೆಂದು ಕಾದೆ. ಫೋನ್ ಇಟ್ಟ ಸದ್ದು ಕೇಳಿತು. ಕ್ಷಮೆಯ ಮಾತು ಅವಳು ಆಡಲಿಲ್ಲ, ನಾನು ಕೇಳಲೂ ಇಲ್ಲ.